ಮೊರದೊಳಗಿನ ಗೊಂಚಲು

ಕಲ್ಲುಕಂಬ, ತಂತಿ, ಮತ್ತೆ ಕಲ್ಲುಕಂಬ — ಹೇರೋಹಳ್ಳಿ ಹನುಮಯ್ಯನವರ ಹೊಲ ಇದೇ ತಾನೇ, ಪಾಪಮ್ಮ ಸೊಂಟದ ಮೊರವನ್ನು ಆ ಪಕ್ಕದಿಂದ ಈ ಪಕ್ಕಕ್ಕೆ ಬದಲಾಯಿಸುತ್ತಾಳೆ, ಕಣ ಇಲ್ಲೇ ಇತ್ತು, ಸಗಣಿ ಸಾರಿಸಿದ ದುಂಡನೆಯ ಕಣ, ಮಡಿವಾಳರ ಆಯ ಎತ್ತಿಡದೆ ರಾಗಿ ಮನೆಯೊಳಕ್ಕೆ ಹೋದದ್ದೇ ಇಲ್ಲ, ವರ್ಷವಿಡೀ ಬಟ್ಟೆ ಒಗೆ, ಸುಗ್ಗಿಗೆ ಮೊರ ಹಿಡಿದು ಬಾ, ಅತ್ತೆಯ ಕಾಲದಿಂದಲೂ ಅಷ್ಟೇ, ಕೂಲಿ ಅಂತ ಯಾರೂ ಅಂದವರಲ್ಲ, ಅದು ಪಾಲು, ಹೋದ ವರ್ಷ ಅರ್ಧ ಹೊಲಕ್ಕೆ ದ್ರಾಕ್ಷಿ ಬಂದಾಗಲೂ ಉಳಿದರ್ಧದಿಂದ ಕೊಟ್ಟರಲ್ಲ, ಈ ಸಲವೂ ಏನಾದರೂ ಇಟ್ಟಿರುತ್ತಾರೆ, ಇಡದೆ ಇರುತ್ತಾರೆಯೇ, ಮನೆಯ ಮಣ್ಣಿನ ವಾಡೆಗೆ ಕೈ ಹಾಕಿದರೆ ರಾಗಿಯ ಬದಲು ತಳ ಸಿಗುತ್ತದೆ, ಬಾಣಂತಿ ಸೊಸೆಗೆ ಮುದ್ದೆ ಬೇಕು — ಬೋರ್‌ವೆಲ್ ಪಂಪು ಗುಂಯ್ ಅನ್ನುತ್ತಿದೆ, ದರಿದ್ರದ್ದು, ಬಾಯಿ ಮುಚ್ಚುವುದೇ ಇಲ್ಲ.

ಬಾ ಪಾಪಮ್ಮ, ಮನೆ ಬಾಗಿಲಲ್ಲಿ ಹನುಮಯ್ಯನವರ ಹೆಂಡತಿ ಅಂಜನಮ್ಮ, ಒಳ್ಳೆಯವಳೇ, ಇವಳ ಮಗಳ ಹೆರಿಗೆ ಬಟ್ಟೆಯನ್ನು ಕೆರೆಯಲ್ಲಿ ಒಗೆದದ್ದು ಈ ಕೈಗಳೇ, ಮೊರ ನೋಡಿದ್ದೇ ಅವಳ ಮುಖ ಸಣ್ಣಗಾಯಿತು, ರಾಗಿ ಎಲ್ಲಿ ಬಂತೇ, ಈ ಸಲ ಒಂದು ಸಾಲೂ ಬಿತ್ತಲಿಲ್ಲ, ನಾವೇ ಅಂಗಡೀಲಿ ತರ್ತೀವಿ ಕಣೇ — ಅಂಗಡಿಯ ರಾಗಿಯಲ್ಲಿ ಮಡಿವಾಳರಿಗೆ ಪಾಲುಂಟೇ ತಾಯಿ, ಕೇಳಬೇಕಿತ್ತು — ಬರಿಗೈಲಿ ಹೋಗ್ಬೇಡ, ತಗೋ, ಮೊರದೊಳಗೆ ಒಂದು ಗೊಂಚಲು ದ್ರಾಕ್ಷಿ, ಕಪ್ಪು ಹಣ್ಣಿನ ಮೇಲೆ ನೀಲಿ ಚುಕ್ಕೆ, ಔಷಧಿ ಹೊಡ್ದಿದೆ, ತೊಳ್ಕೊಂಡು ತಿನ್ನು, ಗೊತ್ತು, ಔಷಧಿ ಹೊಡೆಯುವ ಹನುಮಯ್ಯನವರ ಅಂಗಿಯಲ್ಲೂ ಇದೇ ನೀಲಿ, ಕಲ್ಲಿಗೆ ಎಷ್ಟು ಬಡಿದರೂ ಹೋಗುವುದಿಲ್ಲ, ಬಟ್ಟೆ ಗಂಟು ಹಿತ್ತಲಲ್ಲಿದೆ, ಹಂಗೇ ಎತ್ಕೊಂಡ್ಹೋಗು.

ಎತ್ತಿಕೊಂಡಳು, ಥೂ, ಯಾಕೆ ಎತ್ತಿಕೊಂಡೆ, ತಲೆಯ ಮೇಲೆ ಇವರ ಮೈಲಿಗೆ, ಸೊಂಟದಲ್ಲಿ ಇವರ ಹಣ್ಣು, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ದ್ರಾಕ್ಷಿ ತಿಂದು ಸೊಸೆ ಮಗುವಿಗೆ ಹಾಲೂಡುತ್ತಾಳಾ, ಸಿಟ್ಟಿಗೆ ಕಣ್ಣು ಉರಿಯುತ್ತಿದೆ, ಕಣವಿದ್ದ ಜಾಗಕ್ಕೆ ಬಂದಾಗ ಕಾಲು ತಾನಾಗಿ ನಿಂತಿತು, ಗಂಟನ್ನು ಕಲ್ಲುಕಂಬದ ಬುಡಕ್ಕೆ ಇಳಿಸಿದಳು, ಬೇಕಾದವರು ಒಗೆದುಕೊಳ್ಳಲಿ, ನಾಳೆಯಿಂದ ಏನು ಮಾಡುವುದು ಅಂತ ಮಾತ್ರ ಗೊತ್ತಿಲ್ಲ, ವಾಡೆ, ಸೊಸೆ, ಮಗು — ಅಭ್ಯಾಸಬಲದ ಕೈ ಮೊರವನ್ನು ಒಮ್ಮೆ ಕೇರಿತು, ಹೊಟ್ಟು ಹಾರಲಿಲ್ಲ, ಗೊಂಚಲು ಮಗ್ಗುಲು ಬದಲಿಸಿತು, ಆ ಕಡೆಯೂ ನೀಲಿ.