ದೊರೆ ಎತ್ತಿಕೊಂಡ ಹೊದಿಕೆ

ರೊಟೊಹಿವಾ ಕೆರೆಯ ನೀರನ್ನೆಲ್ಲ ಹೊರಗೆ ಹರಿಸಿ ಹುಲ್ಲುಗಾವಲು ಮಾಡುತ್ತೇವೆ ಅಂತ ಪೇಟೆಯ ಕೋರ್ಟಿನ ಬಾಗಿಲಿಗೆ ನೋಟೀಸು ಅಂಟಿಸಿದ್ದರು. ತಕರಾರು ಇದ್ದವರು ಮಾರ್ಚಿ ಮುಗಿಯುವುದರೊಳಗೆ ಬರೆದುಕೊಡಬೇಕು ಅಂತಲೂ ಅದರಲ್ಲಿತ್ತು. ನನಗೆ ಓದು ಅಷ್ಟಕ್ಕಷ್ಟೆ. ಊರಿನ ಅಂಚೆ ನೋಡಿಕೊಳ್ಳುತ್ತಿದ್ದ ಪಿಟಿರೊಯಿ ಓದಿ ಹೇಳಿದ. ಆ ಕೆರೆಯ ಹಾವುಮೀನೇ ನಮ್ಮ ಊಟ, ಅದೇ ನಾವು ನೆಂಟರಿಗೆ ಮಾಡುವ ಮರ್ಯಾದೆ. ಕೆರೆ ಹೋದರೆ ಆ ದಂಡೆಯ ಮೇಲೆ ನಮಗೇನೂ ಉಳಿಯುತ್ತಿರಲಿಲ್ಲ.

ನನ್ನ ದೊಡ್ಡಪ್ಪ ಪರಾಟೆನೆ ಊರಿಗೆ ಹಿರಿಯ. ಅವನು ಎಲ್ಲರನ್ನೂ ಅಂಗಳಕ್ಕೆ ಕರೆಸಿದ.

"ಕೆರೆ ಬೇಕು ಅನ್ನೋರೂ ವೆಲಿಂಗ್ಟನ್ನಿನ ಮಂತ್ರಿಗಳು, ತಕರಾರು ಕೇಳೋರೂ ಅವರೇ. ಬಲೆ ಹಾಕಿದವನ ಹತ್ರಾನೇ ಹೋಗಿ 'ಬಿಟ್ಟುಬಿಡಪ್ಪಾ' ಅಂತ ಮೀನು ಬೇಡ್ಕೊಳ್ಳುತ್ತಾ? ನಮ್ಮ ಜೊತೆ ಕರಾರು ಮಾಡಿದ್ದು ಲಂಡನ್ನಿನ ದೊರೆಯ ಅಜ್ಜಿ, ಆಗಿನ ರಾಣಿ. ಕೆರೆ, ಮೀನು ಎಲ್ಲಾ ನಿಮ್ದೇ ಅಂತ ನಮ್ಮ ಅಜ್ಜಂದಿರಿಗೆ ಮಾತು ಕೊಟ್ಟವಳು ಅವಳು. ಅಜ್ಜಿಯ ಮಾತು ಮೊಮ್ಮಗನಿಗೆ ಬರಬೇಕು. ಲಂಡನ್ನಿಗೇ ಬರೀರಿ."

"ದೊಡ್ಡಪ್ಪಾ, ಈಗ ಈ ನಾಡು ಡೊಮಿನಿಯನ್ನು," ಅಂದ ಪಿಟಿರೊಯಿ. "ನಮ್ಮನ್ನ ನಾವೇ ಆಳ್ಕೋತಾ ಇದೀವಂತೆ."

"ಯಾರೋ? ನೀನೂ ನಾನೂನಾ?" ಅಂತ ರಿಪೆಕ ಅತ್ತೆ ಬಿದ್ದುಬಿದ್ದು ನಕ್ಕಳು. "ಆಳ್ತಾ ಇದೀನಿ ಅಂತ ನನಗೊಬ್ಬರೂ ಹೇಳಿ ಕಳಿಸಲೇ ಇಲ್ವಲ್ಲೋ! ಗೊತ್ತಿದ್ದಿದ್ರೆ ತಲೆ ಬಾಚ್ಕೋತಿದ್ದೆ."

ನಮ್ಮಲ್ಲಿ ದೊಡ್ಡ ಮಾತನ್ನು ಬರಿಗೈಯಲ್ಲಿ ಆಡುವುದಿಲ್ಲ. ಆಡಿದ ಮೇಲೆ ಒಂದು ಉಡುಗೊರೆಯನ್ನು ನೆಲದ ಮೇಲಿಟ್ಟು ಹಿಂದೆ ಸರಿಯುತ್ತೇವೆ. ಎದುರಿನವನು ಅದನ್ನು ಎತ್ತಿಕೊಂಡರೆ ಮಾತನ್ನೂ ಎತ್ತಿಕೊಂಡ ಹಾಗೆ. ಎತ್ತದಿದ್ದರೆ ನಾವೇ ವಾಪಸು ತರುತ್ತೇವೆ, ಜಗಳವಿಲ್ಲ. ರಿಪೆಕ ಅತ್ತೆ ಎರಡು ಚಳಿಗಾಲ ಕೂತು ಹೆಣೆದ, ಕಾಡುಪಾರಿವಾಳದ ಗರಿಯ ಹೊದಿಕೆಯೊಂದಿತ್ತು. ಅದನ್ನೇ ಮಡಿಸಿ ಕಾಗದದ ಜೊತೆ ಕೊಟ್ಟಳು. ಕಾಗದ ಗವರ್ನರರ ಕಚೇರಿಯ ಮೂಲಕವೇ ಹೋಗಬೇಕು ಅಂದರು. ಹಾಗೇ ಕಳಿಸಿದೆವು.

ಸುಮ್ಮನೆ ಕೂರುವುದು ಬೇಡ ಅಂತ ಪಿಟಿರೊಯಿ ಕೋರ್ಟಿಗೂ ಒಂದು ತಕರಾರು ಬರೆದಿಟ್ಟ. ಅರವತ್ತೊಂದು ಜನ ಹೆಸರು ಹಾಕಿದೆವು. ಅದನ್ನು ಪೇಟೆಗೆ ಮುಟ್ಟಿಸುವ ಕೆಲಸ ನನ್ನದು. ಮಾರ್ಚಿಯ ಮೂರನೆಯ ವಾರ. ಕುದುರೆ ಹತ್ತಿ ಬೇಲಿಯ ಹತ್ತಿರ ಬಂದಿದ್ದೆ, ಪಿಟಿರೊಯಿ ಲಕೋಟೆ ಎತ್ತಿ ಹಿಡಿದು ಓಡಿ ಬಂದ. ಲಂಡನ್ನಿನ ಉತ್ತರ.

ಅಂಗಳದಲ್ಲಿ ನಿಂತು ಓದಿದ. ಹೊದಿಕೆಯನ್ನು ದೊರೆಯವರು ಸಂತೋಷದಿಂದ ಸ್ವೀಕರಿಸಿದ್ದಾರೆ. ಮನವಿಯನ್ನು ಡೊಮಿನಿಯನ್ನಿನ ಮಂತ್ರಿಗಳಿಗೆ ಕಳಿಸಲಾಗಿದೆ. ಎರಡೇ ಮಾತು.

"ಎತ್ತಿಕೊಂಡ!" ಅಂತ ದೊಡ್ಡಪ್ಪ ಕೂಗಿದ. ಹೆಂಗಸರು ಅಳುತ್ತಲೇ ಹಾಡು ಶುರು ಮಾಡಿದರು.

"ಎರಡನೇ ಮಾತು ನೋಡು ದೊಡ್ಡಪ್ಪಾ," ಅಂದ ಪಿಟಿರೊಯಿ.

"ನೋಡಿದೆನಲ್ಲ. ಕೆರೆ ಮುಟ್ಟಬೇಡಿ ಅಂತ ಮಂತ್ರಿಗಳಿಗೆ ಹೇಳಿ ಕಳಿಸಿದಾನೆ. ಇನ್ನೇನು?" ಆಮೇಲೆ ನನ್ನ ಕಡೆ ತಿರುಗಿದ. "ನೀನು ಇಳಿಯೋ. ದೊರೆ ಮಾತು ಕೊಟ್ಟ ಮೇಲೆ ಕೋರ್ಟಿನ ಗುಮಾಸ್ತನ ಮುಂದೆ ಹೋಗಿ ನಿಂತರೆ, ಅವನನ್ನ ನಂಬಲಿಲ್ಲ ಅಂದ ಹಾಗಾಗುತ್ತೆ."

ನಾನು ಇಳಿದೆ. ಪಿಟಿರೊಯಿ ನನ್ನ ಮುಖವನ್ನೇ ನೋಡುತ್ತಿದ್ದ. ಪೇಟೆಗೆ ಮೂರು ತಾಸಿನ ದಾರಿ. ಹೋಗಿ ಬಂದಿದ್ದರೆ ದೊಡ್ಡಪ್ಪ ಒಂದು ವಾರ ನನ್ನ ಜೊತೆ ಮಾತು ಬಿಡುತ್ತಿದ್ದ, ಅಷ್ಟೆ.

ಏಪ್ರಿಲಿನಲ್ಲಿ ಗುದ್ದಲಿಗಳು ಬಂದವು.

ನಾವು ನಾಲ್ಕು ಜನ ರೈಲು ಹತ್ತಿ ವೆಲಿಂಗ್ಟನ್ನಿಗೆ ಹೋದೆವು. ಮಂತ್ರಿಗಳ ಕಚೇರಿಯಲ್ಲಿ ಮೂರು ದಿನ ಬೆಂಚಿನ ಮೇಲೆ ಕೂತ ಮೇಲೆ ಒಬ್ಬ ಅಧಿಕಾರಿ ಒಳಗೆ ಕರೆದ. ಒಳ್ಳೆಯ ಮನುಷ್ಯ. ಅತ್ತೆಗೆ ತಾನೇ ಕುರ್ಚಿ ಎಳೆದು ಕೊಟ್ಟ. ಮೇಜಿನ ಮೇಲೆ ನಮ್ಮದೇ ಕಾಗದವಿತ್ತು. ಸಮುದ್ರ ದಾಟಿ ಹೋಗಿ, ಮೈತುಂಬ ಮುದ್ರೆ ಒತ್ತಿಸಿಕೊಂಡು, ಯಾರನ್ನು ದೂರಿ ಬರೆದಿದ್ದೆವೋ ಅವರ ಮೇಜಿಗೇ ಬಂದು ಕೂತಿತ್ತು.

"ದೊರೆ ಏನಂದ?" ಅಂತ ದೊಡ್ಡಪ್ಪ ಕೇಳಿದ. ಪಿಟಿರೊಯಿ ಇಂಗ್ಲಿಷಿನಲ್ಲಿ ಹೇಳಿದ, ಉತ್ತರ ಕೇಳಿ ನಮಗೆ ತಿರುಗಿಸಿದ.

"ದೊರೆ ಏನೂ ಅನ್ನೋದಿಲ್ಲವಂತೆ. ಡೊಮಿನಿಯನ್ನಿನ ಒಳಗಿನ ವಿಷಯ ಬಂದರೆ ಲಂಡನ್ನಿನವರು ಇಲ್ಲಿಗೇ ಕಳಿಸ್ತಾರಂತೆ. ಗವರ್ನರು ಮಂತ್ರಿಗಳು ಹೇಳಿದ ಹಾಗೆ ಕೇಳ್ತಾರಂತೆ. ಮಂತ್ರಿಗಳು ಕೋರ್ಟಿನಲ್ಲಿ ತಕರಾರು ಬಂದಿದೆಯಾ ಅಂತ ನೋಡಿದರಂತೆ. ಒಂದೂ ಬಂದಿರಲಿಲ್ಲವಂತೆ. ಅದಕ್ಕೇ, ಯಾರಿಗೂ ಬೇಸರವಿಲ್ಲ ಅಂತ ಬರೆದುಕೊಂಡರಂತೆ."

ಅಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

"ಸರಿ," ಅಂದಳು ರಿಪೆಕ ಅತ್ತೆ. "ಮಾತು ಬೇಡ ಅಂದರೆ ಬೇಡ. ನನ್ನ ಹೊದಿಕೆ ವಾಪಸು ಕೊಡಲಿ. ಇಟ್ಟ ಕಡೆಯಿಂದ ಎತ್ತಿಕೊಂಡು ಬಂದರೆ, ಇನ್ನೊಂದು ಸಲ ಮಾತು ಇಡಬಹುದು."

ಅಧಿಕಾರಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ಮುಖ ಕೆಂಪಾಯಿತು. ಸ್ವೀಕರಿಸಿದ ಉಡುಗೊರೆಯನ್ನು ಹಿಂದಕ್ಕೆ ಕೇಳುವ ಪದ್ಧತಿ ಇಲ್ಲ ಅಂದ. ಕೇಳಲೇಬೇಕಾದರೆ ಲಂಡನ್ನಿಗೆ ಬರೆಯಬೇಕು.

"ಯಾರ ಮೂಲಕ?" ಅಂದಳು ಅತ್ತೆ.

"ನಮ್ಮ ಮೂಲಕ."

ಅತ್ತೆ ನಕ್ಕಳು. ದೊಡ್ಡಪ್ಪ ಎದ್ದು ಟೋಪಿ ಹಾಕಿಕೊಂಡ. ನಾವು ಊರಿಗೆ ಮರಳಿದೆವು. ಅಂಗಳದಲ್ಲಿ ಅವನು ಮತ್ತೆ ಮಾತಿಗೆ ನಿಂತದ್ದನ್ನು ನಾನು ನೋಡಲಿಲ್ಲ.

ಮುಂದಿನ ಬೇಸಿಗೆಗೆ ನೀರು ಇಳಿಯಿತು. ಕೆಸರಿನಲ್ಲಿ ಹಾವುಮೀನುಗಳು ಒಂದರ ಮೇಲೊಂದು ಬಿದ್ದು ಹೊರಳುತ್ತಿದ್ದವು, ಕೆಲವು ನನ್ನ ತೋಳಿನಷ್ಟು ದಪ್ಪ. ಒದ್ದೆ ಗೋಣಿಯಲ್ಲಿ ಸುತ್ತಿ ನದಿಗೆ ಸಾಗಿಸಿದೆವು. ಐದು ದಿನ ಸಾಗಿಸಿದೆವು. ಆರನೆಯ ದಿನ ನಾತಕ್ಕೆ ಹತ್ತಿರ ಹೋಗಲಾಗಲಿಲ್ಲ. ಒಂದೊಂದೇ ಮನೆಯವರು ಕೆಲಸ ಹುಡುಕಿಕೊಂಡು ಪೇಟೆಗೆ ಹೋದರು. ನಾನು ಹೋಗಲಿಲ್ಲ.

ಕೆರೆಯ ನೀರು ಹರಿಸಲು ತೋಡಿದ ಕಾಲುವೆ ನದಿ ಸೇರುವ ಬಾಯಿಗೆ ಕಬ್ಬಿಣದ ಬಾಗಿಲು ಹಾಕಿದ್ದಾರೆ. ವಸಂತದಲ್ಲಿ ಹಾವುಮೀನಿನ ಮರಿಗಳು ಸಮುದ್ರದಿಂದ ನದಿ ಹತ್ತಿ ಬರುತ್ತವೆ, ಗಾಜಿನ ಎಳೆಯಷ್ಟು ಸಣ್ಣವು, ಸಾವಿರಗಟ್ಟಲೆ. ಬಂದು ಆ ಕಬ್ಬಿಣಕ್ಕೆ ಅಂಟಿಕೊಳ್ಳುತ್ತವೆ. ಒಂದು ವರ್ಷ ಬಕೆಟ್ಟಿನಲ್ಲಿ ತುಂಬಿಕೊಂಡು ಬಾಗಿಲಿನ ಈಚೆ, ಕೆರೆಯಿದ್ದ ಬದಿಗೆ ಬಂದೆ. ಕಣ್ಣು ಹಾಯುವವರೆಗೂ ಹುಲ್ಲು, ದನ. ಬಕೆಟ್ಟು ಹಿಡಿದು ಬಹಳ ಹೊತ್ತು ಅಲ್ಲೇ ನಿಂತಿದ್ದೆ.