ಒಂಬತ್ತು ಒಬ್ಬನಿಗೆ, ಹತ್ತು ಇನ್ನೊಬ್ಬನಿಗೆ

ನನ್ನ ದೊಡ್ಡಪ್ಪನ ಮಕ್ಕಳಿಬ್ಬರು ಟೈಲ್ಸ್ ಗೋದಾಮನ್ನು ಪಾಲು ಮಾಡಿಕೊಂಡಾಗ ನಡುವೆ ಗೋಡೆ ಏಳಲಿಲ್ಲ. ಗೋಡೆ ಯಾರ ಜಾಗದಲ್ಲಿ ನಿಲ್ಲಬೇಕೆಂಬ ವಾದವೇ ಮುಗಿಯದೆ, ಕೊನೆಗೆ ನೆಲದ ಮೇಲೆ ಹಳದಿ ಗೆರೆ ಎಳೆಸಿದರು. ಆ ಕಡೆ ದೊಡ್ಡಣ್ಣ, ಈ ಕಡೆ ಚಿಕ್ಕಣ್ಣ, ಇಬ್ಬರದೂ ಎಣ್ಣೆ-ಸೀಗೆಕಾಯಿ ಸಂಬಂಧ. ಗೆರೆ ದಾಟುತ್ತಿದ್ದವರು ದೊಡ್ಡಪ್ಪ ಒಬ್ಬರೇ. ತಾವು ಕಟ್ಟಿದ ಗೋದಾಮಿನಲ್ಲಿ ದಿನಾ ಒಂದು ಸುತ್ತು ಹಾಕಿ, ಪೆಟ್ಟಿಗೆಗಳನ್ನು ಬೆರಳಿನಿಂದ ತಟ್ಟಿ ನೋಡದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಕಿವಿ ಮಾತ್ರ ಮಂದ. ಹೊರೆ ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಬೆನ್ನಿಗೇ ಬಂದರೂ ಗೊತ್ತಾಗುತ್ತಿರಲಿಲ್ಲ.

ಅದಕ್ಕೇ ನನ್ನನ್ನು ಕರೆಸಿದ್ದು. ರೇಡಿಯೋ ಉಪಕರಣ ಕೂರಿಸುವುದು ನನ್ನ ಕೆಲಸ. ಮನುಷ್ಯರ ಕತ್ತಿಗೆ ಒಂದು ಟ್ಯಾಗ್, ಗಾಡಿಗೆ ಒಂದು ಡಬ್ಬಿ. ಟ್ಯಾಗ್ ಹತ್ತಿರ ಬಂದರೆ ಗಾಡಿ ತಾನಾಗಿ ನಿಲ್ಲುತ್ತದೆ. ಅದಕ್ಕೆ ಎರಡರ ಚಾನೆಲ್ಲೂ ಒಂದೇ ಇರಬೇಕು, ಪ್ರಿಯಾಂಬಲ್ ಕೋಡೂ ಒಂದೇ ಇರಬೇಕು. ಈ ಕೋಡ್ ಅಂದರೆ ಮಾತಿಗೆ ಮೊದಲು ಹಾಕುವ ಕೂಗು. ತನಗೆ ಹೇಳಿಕೊಟ್ಟ ಕೂಗು ಬಿಟ್ಟರೆ ಬೇರೆ ಯಾವುದನ್ನೂ ಡಬ್ಬಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆ ವಿಷಯದಲ್ಲಿ ಅದು ನಮ್ಮ ಮನೆಯವರ ಹಾಗೇ. ಎಲ್ಲಕ್ಕೂ ಚಾನೆಲ್ ಐದು, ಕೋಡ್ ಒಂಬತ್ತು ಎಂದು ಹಾಕಿ, ಪರೀಕ್ಷೆ ಮಾಡಿ, ಹೊರಡಲು ಚೀಲ ಎತ್ತಿಕೊಂಡೆ.

ಅಷ್ಟರಲ್ಲಿ ಕೋಡ್ ಬೇರೆ ಬೇರೆ ಇಡಬಹುದೆಂದು ಯಾರೋ ಚಿಕ್ಕಣ್ಣನ ಕಿವಿ ಊದಿದರು.

"ಅವನ ಕೋಡು ನನ್ನ ಗಾಡಿಗ್ಯಾಕೆ? ನನಗೆ ಬೇರೆ ಹಾಕ್ಕೊಡು."

"ಗಾಳೀಲೂ ಪಾಲು ಬೇಕಾ ಅಣ್ಣ?"

"ಬೇಕು. ಅವನಿಗಿಂತ ದೊಡ್ಡ ನಂಬರೇ ಇರ್ಲಿ."

ದೊಡ್ಡಪ್ಪನ ಟ್ಯಾಗ್ ಒಂದೇ ಕೂಗು ಹಾಕುತ್ತದೆ, ಇನ್ನೊಬ್ಬನ ಗಾಡಿಯ ಪಾಲಿಗೆ ಅವರು ಇದ್ದೂ ಇಲ್ಲದಂತೆ ಎಂದು ಇಬ್ಬರಿಗೂ ಬಿಡಿಸಿ ಹೇಳಿದೆ. "ಹಾಗಾದ್ರೆ ಅಪ್ಪ ನನ್ನ ಕೋಡಲ್ಲೇ ಇರ್ಲಿ" ಎಂದು ಇಬ್ಬರೂ ಹಟ ಹಿಡಿದರು. ಅಪ್ಪನ ಮೇಲೆ ಅವರಿಗೆ ಅಷ್ಟು ಪ್ರೀತಿ ಇದ್ದದ್ದು ನನಗೆ ಅವತ್ತೇ ತಿಳಿದದ್ದು. ಎರಡು ಟ್ಯಾಗ್ ಒಟ್ಟಿಗೆ ಹಾಕಿಕೊಳ್ಳಲಿ ಎಂದೆ.

"ಅವನ ನಂಬರ್ ಕಟ್ಕೊಂಡು ನನ್ನ ಕಡೆ ಕಾಲಿಡೋದು ಬೇಡ" ಎಂದ ದೊಡ್ಡಣ್ಣ. ಚಿಕ್ಕಣ್ಣನೂ ಅದನ್ನೇ ಹೇಳಿದ.

ನಾನು ಕೆಲಸ ಬಿಟ್ಟು ಹೊರಟೇಬಿಟ್ಟಿದ್ದೆ. ದೊಡ್ಡಪ್ಪ ಕೈ ಹಿಡಿದುಕೊಂಡರು. "ಬಿಡಮ್ಮ, ಗೆರೆ ಹತ್ರ ಒಂದು ಬಿಚ್ಚಿಟ್ಟು ಇನ್ನೊಂದು ಹಾಕ್ಕೋತೀನಿ. ಜಗಳ ಬೇಡ."

ದೊಡ್ಡಣ್ಣನಿಗೆ ಒಂಬತ್ತನ್ನೇ ಬಿಟ್ಟು, ಚಿಕ್ಕಣ್ಣನಿಗೆ ಹತ್ತು ಹಾಕಿಕೊಟ್ಟೆ. ಟ್ಯಾಗ್ ತೂಗುಹಾಕಲು ಗೆರೆ ಪಕ್ಕದ ಕಂಬಕ್ಕೆ ಎರಡು ಮೊಳೆ ಬಿದ್ದವು. ಅಂಗಿ ಬದಲಿಸುವ ಹಾಗೆ ಮಗನನ್ನು ಬದಲಿಸಿಕೊಂಡು ದೊಡ್ಡಪ್ಪ ಓಡಾಡತೊಡಗಿದರು. ಒಂದು ಸಲವೂ ತಪ್ಪಲಿಲ್ಲ.

ತಪ್ಪಿದ್ದು ಗಾಡಿ. ಹೊರೆ ಹೊತ್ತುಕೊಂಡು ತಿರುಗಲು ಚಿಕ್ಕಣ್ಣನ ಪಾಲಿನ ಜಾಗ ಸಾಲದೆ, ಹಿಂದಕ್ಕೆ ಬರುವಾಗ ಅವನ ಗಾಡಿಯ ಚಕ್ರ ಗೆರೆ ದಾಟಿತು. ಅಲ್ಲಿ ದೊಡ್ಡಪ್ಪ, ನಿಯಮದ ಪ್ರಕಾರ ದೊಡ್ಡಣ್ಣನ ಟ್ಯಾಗ್ ತೊಟ್ಟು, ಪೆಟ್ಟಿಗೆ ತಟ್ಟುತ್ತಾ ನಿಂತಿದ್ದರು. ಟ್ಯಾಗ್ ಒಂಬತ್ತರಲ್ಲಿ ಕೂಗುತ್ತಲೇ ಇತ್ತು. ಹತ್ತರ ಗಾಡಿಗೆ ಅದು ಕೇಳಲಿಲ್ಲ. ಚಾಲಕನ ಮುಂದೆ, ಹತ್ತಿರ ಯಾರೂ ಇಲ್ಲ ಎನ್ನುವ ಹಸಿರು ದೀಪ ಹಾಗೇ ಉರಿಯುತ್ತಿತ್ತು. ದೊಡ್ಡಪ್ಪನ ಬಲಪಾದ ನಜ್ಜುಗುಜ್ಜಾಯಿತು.

ನಾನು ಆಸ್ಪತ್ರೆಗೆ ಹೋದಾಗ ಅಣ್ಣತಮ್ಮಂದಿರು ವಾರ್ಡಿನ ಹೊರಗೆ ವಾದಕ್ಕೆ ನಿಂತಿದ್ದರು.

"ಗಾಡಿ ನಿಂದು."

"ಜಾಗ ನಿಂದು. ಟ್ಯಾಗೂ ನಿಂದೇ."

ಕಾಲು ಮಾತ್ರ ಯಾರದೂ ಅಲ್ಲ. "ಇವತ್ತೇ ಎಲ್ಲಾ ಒಂದೇ ಕೋಡಿಗೆ ತರ್ತೀನಿ. ಇಬ್ರೂ ಹೂಂ ಅನ್ನಿ ಸಾಕು" ಎಂದೆ.

ಅವರು ಮುಖ ಮುಖ ನೋಡಿಕೊಂಡರು. ಮೂಲೆಗೆ ಹೋಗಿ ಗುಸುಗುಸು ಮಾತಾಡಿಕೊಂಡು ಬಂದರು.

"ಕೋಡು ಇರೋ ಹಾಗೇ ಇರ್ಲಿ. ಗೆರೆ ದಾಟೋರು ಅಪ್ಪ ಒಬ್ರೇ ತಾನೆ? ಅವರೇ ಇನ್ಮೇಲೆ ಗೋಡೌನ್‌ಗೆ ಬರೋದು ಬೇಡ" ಎಂದ ದೊಡ್ಡಣ್ಣ.

"ಅಣ್ಣ ಹೇಳಿದ್ದೇ ಸರಿ" ಎಂದ ಚಿಕ್ಕಣ್ಣ.

ಒಳಗೆ ದೊಡ್ಡಪ್ಪ ಕಾಯುತ್ತಿದ್ದರು. ಕಾಲಿಗೆ ದಪ್ಪನೆಯ ಕಟ್ಟು. "ಏನಂದ್ರು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರ ಕಿವಿಯ ಬಳಿ ಬಾಗಿ, ನೀವು ಇನ್ನು ಗೋದಾಮಿಗೆ ಹೋಗಬಾರದಂತೆ ಎಂದೆ.

"ಇಬ್ರೂ ಹಾಗೇ ಅಂದ್ರಾ?"

"ಹೂಂ. ಇಬ್ರೂ ಸೇರಿ ಮಾತಾಡ್ಕೊಂಡೇ ಹೇಳಿದ್ರು."

"ಮಾತಾಡ್ಕೊಂಡ್ರಾ?" ಎಂದು ಕೇಳಿದ ದೊಡ್ಡಪ್ಪನ ಮುಖ ಅರಳಿತು.