ನಾದಿನಿಗೆ ಗೊತ್ತಿದ್ದ ವಿಷಯ

ಐಸ್ ಕಾರ್ಖಾನೆಯಲ್ಲಿ ಪೆಟ್ಟಿಗೆಗೆ ಮೀನು ತುಂಬುತ್ತಿದ್ದ ಅವಳು ಮೂರು ತಿಂಗಳ ಬಸುರಿಯಾಗಿದ್ದಾಗ ದ್ವೀಪದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಎಚ್‌ಐವಿ ಇರುವುದು ಗೊತ್ತಾಯಿತು. ನರ್ಸ್ ಬಾಗಿಲು ಹಾಕಿಕೊಂಡು ನಿಧಾನವಾಗಿ ವಿವರಿಸಿದಳು: ದಿನಕ್ಕೊಂದು ಮಾತ್ರೆ, ತಪ್ಪಿಸುವಂತಿಲ್ಲ, ಸರಿಯಾಗಿ ನುಂಗಿದರೆ ಮಗುವಿಗೆ ತಗಲದಂತೆ ನೋಡಿಕೊಳ್ಳಬಹುದು, ಗಂಡನನ್ನೂ ಕರೆತರಬೇಕು. ಅವಳು ತಲೆಯಾಡಿಸಿದಳು. ಕಣ್ಣು ಮಾತ್ರ ಬಾಗಿಲ ಮೇಲೇ ಇತ್ತು. ಅದರಾಚೆ, ಔಷಧಿ ಕೊಡುವ ಕಿಟಕಿಯಲ್ಲಿ ಕೂತಿದ್ದವಳು ಅವಳ ಗಂಡನ ತಂಗಿ.

ಒಬ್ಬರು ಸೀನಿದರೆ ಹತ್ತು ಮನೆಗೆ ಕೇಳುವಷ್ಟು ಚಿಕ್ಕ ದ್ವೀಪ. ಅದರಲ್ಲೂ ಈ ನಾದಿನಿಯನ್ನು ಮನೆಯವರು ಕರೆಯುತ್ತಿದ್ದದ್ದೇ ರೇಡಿಯೋ ಎಂದು. ಹಾಗಾಗಿ ಅವಳು ನರ್ಸಿಗೆ ಅಂಗಲಾಚಿ, ಮಾತ್ರೆಯನ್ನು ಆಚೆ ದಡದ ದೊಡ್ಡಾಸ್ಪತ್ರೆಗೆ ಬರೆಸಿಕೊಂಡಳು. ತಿಂಗಳಿಗೊಮ್ಮೆ ಲಾಂಚಿನಲ್ಲಿ ಹೋಗಿಬರುವುದು, ಮನೆಯಲ್ಲಿ ಹಲ್ಲುನೋವು ಎನ್ನುವುದು. ಬಾಯಲ್ಲಿ ಇನ್ನೂ ಎಷ್ಟು ಉಳಿದಿವೆ ಎಂದು ಅತ್ತೆ ಕೇಳಿದ್ದೂ ಉಂಟು.

ಏಳನೇ ತಿಂಗಳಲ್ಲಿ ಗಾಳಿ ಎದ್ದು ಲಾಂಚು ನಿಂತಿತು. ಮೊದಲ ದಿನ, ನಾಳೆ ಹೊರಡುತ್ತದೆ ಎಂದರು. ಐದನೇ ದಿನ ಯಾರೂ ಏನೂ ಹೇಳಲಿಲ್ಲ. ಡಬ್ಬಿಯಲ್ಲಿ ಒಂದೇ ಮಾತ್ರೆ ಉಳಿದಾಗ ಅವಳು ಊಟದ ಬಿಡುವಿನಲ್ಲಿ, ರಬ್ಬರ್ ಬೂಟಿನಲ್ಲೇ, ದ್ವೀಪದ ಆಸ್ಪತ್ರೆಗೆ ನಡೆದಳು. ನರ್ಸ್ ಹೆರಿಗೆ ಕೋಣೆಯಲ್ಲಿದ್ದಳು. ಕಿಟಕಿಯಲ್ಲಿ ನಾದಿನಿ ಮಾತ್ರ.

ನಾದಿನಿ ಎದ್ದು ಹೋಗಿ ಒಂದು ಕಂದು ಕವರು ತಂದು ಮುಂದಿಟ್ಟಳು. ಉಳಿದ ಬಸುರಿಯರಿಗೆ ಕಬ್ಬಿಣಾಂಶದ ಮಾತ್ರೆ ಹಾಕಿ ಕೊಡುವಂಥದೇ ಕವರು.

“ನಿಮಗೇ ಅಂತ ಎತ್ತಿಟ್ಟಿದ್ದೆ ಅತ್ತಿಗೆ. ಲಾಂಚು ನಿಂತ ದಿನಾನೇ ನರ್ಸಕ್ಕನ ಹತ್ರ ಬರೆಸ್ಕೊಂಡೆ.”

“ನಿಂಗೆ ಯಾವಾಗಿಂದ ಗೊತ್ತು?”

“ಮೊದಲ ದಿನದಿಂದ. ರಿಪೋರ್ಟು ಫೈಲಿಗೆ ಹಾಕೋಳು ನಾನೇ ಅಲ್ವಾ?”

“ಮನೇಲಿ ಯಾರಿಗೂ ಹೇಳ್ಲಿಲ್ವಾ?”

“ಮನೇಲಿ ನಾನು ಆಡೋದೆಲ್ಲ ಹರಟೆ. ಇದು ಕೆಲಸ.” ನಾದಿನಿ ದನಿ ತಗ್ಗಿಸಿದಳು. “ಆದ್ರೆ ಅಣ್ಣನಿಗೆ ನೀವೇ ಹೇಳ್ಬೇಕು. ಅವನ ರಕ್ತ ಇನ್ನೂ ನೋಡಿಲ್ಲ.”

ಅವಳಿಗೆ ಮೊದಲು ಬಂದದ್ದು ಸಿಟ್ಟು. ನಾಲ್ಕು ತಿಂಗಳು ವಾಂತಿ ಮಾಡಿಕೊಂಡು ಸಮುದ್ರ ದಾಟಿದಾಗ ಇವಳು ಒಂದು ಮಾತು ಹೇಳಬಾರದಿತ್ತೇ? ಕವರು ಕೈಗೆ ಬಂದಮೇಲೆ ಮಾತ್ರ ಅಲ್ಲೇ ಬೆಂಚಿನ ಮೇಲೆ ಕೂತು ಮಾತ್ರೆ ಎಣಿಸಿದಳು.

ಆ ಭಾನುವಾರ, ದೋಣಿಯ ಎಂಜಿನ್ ರಿಪೇರಿ ಮಾಡುವ ಗಂಡನಿಗೆ ಅವನ ಶೆಡ್ಡಿನಲ್ಲೇ ವಿಷಯ ಹೇಳಿದಳು. ಅವನು ಬಹಳ ಹೊತ್ತು ಕೈಯ ಗ್ರೀಸ್ ಒರೆಸುತ್ತಾ ನಿಂತ. ಮೂರನೇ ದಿನ ತಾನೇ ಆಸ್ಪತ್ರೆಗೆ ಹೋದ. ಅವನಿಗೂ ಇತ್ತು. ಯಾರಿಂದ ಯಾರಿಗೆ ಎಂದು ಎರಡು ಸಲ ಜಗಳವಾಯಿತು, ಇತ್ಯರ್ಥವಾಗಲಿಲ್ಲ. ಮೂರನೇ ಸಲಕ್ಕೆ ಇಬ್ಬರೂ ದಣಿದಿದ್ದರು. ಅವನೂ ಮಾತ್ರೆ ಶುರುಮಾಡಿದ.

ಹೆಣ್ಣುಮಗು ಹುಟ್ಟಿತು. ಸೋಂಕು ತಗಲದಂತೆ ಆರು ವಾರ ಅದಕ್ಕೆ ಸಿರಪ್ಪು ಹಾಕಬೇಕಿತ್ತು. ಸಿರಿಂಜಿನಲ್ಲಿ ಅಳೆಯುವುದನ್ನು ನಾದಿನಿ ಕಲಿಸಿದಳು. ಅದು ಶಕ್ತಿಯ ಔಷಧಿ ಎಂದು ಅತ್ತೆಗೆ ಹೇಳಿದರು. ಅವರು ನಂಬಿದರೋ ಇಲ್ಲವೋ, ಒಂದು ಹೊತ್ತೂ ತಪ್ಪಲು ಬಿಡಲಿಲ್ಲ. ಹದಿನೆಂಟು ತಿಂಗಳಿಗೆ ಮಾಡಿದ ಕೊನೆಯ ಪರೀಕ್ಷೆಯಲ್ಲಿ, ಮಗುವಿಗೆ ಸೋಂಕಿಲ್ಲ ಎಂದು ಬಂತು.

ಆ ವರ್ಷವೇ ನಾದಿನಿಗೆ ಒಬ್ಬ ಬಡಗಿಯ ಜೊತೆ ಮದುವೆ ನಿಶ್ಚಯವಾಯಿತು. ಮದುವೆಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸು ಎಂದು ನಾದಿನಿ ಅವನಿಗೆ ಹೇಳಿದಳು. ನನ್ನ ಮೇಲೆ ಅನುಮಾನವೇ ಎಂದು ಅವನು ಮುಖ ಊದಿಸಿಕೊಂಡ. ತಾನೂ ಮಾಡಿಸಿದ್ದೇನೆಂದು ಅವಳು ಚೀಟಿ ತೋರಿಸಿದಳು. ನಾಲ್ಕು ದಿನ ಅವನ ಸುಳಿವಿರಲಿಲ್ಲ. ಐದನೇ ದಿನ ಜೊತೆಗೆಲಸದ ಇಬ್ಬರನ್ನು ಕರೆದುಕೊಂಡು ಆಸ್ಪತ್ರೆಗೆ ಬಂದ. ಮೂವರೂ ಬೆಂಚಿನ ಮೇಲೆ ಸಾಲಾಗಿ ಕೂತು, ರಕ್ತ ಕೊಡಲು ಮೊದಲು ಯಾರು ಒಳಗೆ ಹೋಗಬೇಕೆಂದು ಚರ್ಚೆ ನಡೆಸಿದರು.